ತುಂಡ್ರಾದ ಮಣ್ಣಿನಲ್ಲಿ ಇಂಗಾಲವೆಷ್ಟು? ರೇಡಾರ್ ಹೇಳುವುದು, ಹೇಳದಿರುವುದು

ಒಂದು ಜಾಗದ ಮಣ್ಣಿನಲ್ಲಿ ಎಷ್ಟು ಇಂಗಾಲವಿದೆ ಎಂದು ತಿಳಿಯುವ ವಿಧಾನ ಸರಳವಾದದ್ದು. ಆದರೆ ಮೈಮುರಿಯುವ ಕೆಲಸ. ಗುಂಡಿ ತೋಡಬೇಕು. ಗೊತ್ತಾದ ಗಾತ್ರದ ಮಣ್ಣನ್ನು ಕೊಳವೆಯಿಂದ ಹಾಗೆಯೇ ಕತ್ತರಿಸಿ ತೆಗೆಯಬೇಕು. ಅದನ್ನು ಒಣಗಿಸಿ ತೂಗಿದರೆ ಸಾಂದ್ರತೆ ಸಿಗುತ್ತದೆ. ಅದರಲ್ಲಿ ಒಂದು ಚಿಟಿಕೆಯನ್ನು ಕುಲುಮೆಯಲ್ಲಿ ಸುಟ್ಟು, ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಅಳೆದರೆ ಇಂಗಾಲದ ಅಂಶ ಸಿಗುತ್ತದೆ. ಉಳಿದದ್ದು ಗುಣಾಕಾರ. ಉದಾಹರಣೆಗೆ, ಒಣಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.8 ಗ್ರಾಂ, ಇಂಗಾಲದ ಅಂಶ ಶೇಕಡ 5, ಆಳ 30 ಸೆಂ.ಮೀ. ಎಂದುಕೊಳ್ಳಿ. 0.8 × 0.05 × 30 = 1.2. ಅಂದರೆ ನೆಲದ ಪ್ರತಿ ಚದರ ಸೆಂಟಿಮೀಟರಿನ ಕೆಳಗೆ 1.2 ಗ್ರಾಂ, ಪ್ರತಿ ಚದರ ಮೀಟರಿನ ಕೆಳಗೆ 12 ಕಿಲೋಗ್ರಾಂ ಇಂಗಾಲ. ಮಣ್ಣಿನ ಗಾತ್ರದಲ್ಲಿ ಕಾಲುಭಾಗ ಬರೀ ಕಲ್ಲುಗಳೇ ಆಗಿದ್ದರೆ ಅದು 9 ಕಿಲೋಗ್ರಾಮಿಗೆ ಇಳಿಯುತ್ತದೆ.

ಕಷ್ಟ ಶುರುವಾಗುವುದು ಈ ಗುಂಡಿಯನ್ನು ಸೈಬೀರಿಯದ ಉತ್ತರದಂಚಿನಲ್ಲೋ ಅಲಾಸ್ಕದ ಉತ್ತರ ತೀರದಲ್ಲೋ ಕೆನಡದ ಆರ್ಕ್ಟಿಕ್ ದ್ವೀಪಗಳಲ್ಲೋ ತೋಡಬೇಕಾದಾಗ. ಅಲ್ಲಿಗೆ ರಸ್ತೆಗಳಿಲ್ಲ. ಕೆಲಸ ಮಾಡಲು ಸಿಗುವುದು ಬೇಸಿಗೆಯ ಕೆಲವೇ ವಾರಗಳು. ಮೇಲಿನ ಒಂದೆರಡು ಅಡಿ ಕೆಸರು, ಅದರ ಕೆಳಗೆ ಕಬ್ಬಿಣದಷ್ಟು ಗಟ್ಟಿಯಾದ ಹೆಪ್ಪುಗಟ್ಟಿದ ನೆಲ. ಇಷ್ಟೆಲ್ಲ ಪಾಡುಪಟ್ಟು ತೋಡಿದ ಗುಂಡಿ ಹೇಳುವುದು ಅದೊಂದು ಬಿಂದುವಿನ ಸಂಗತಿಯನ್ನು ಮಾತ್ರ. ಹತ್ತು ಮೀಟರ್ ಆಚೆ ಬೇರೆಯದೇ ಉತ್ತರ ಬರಬಹುದು. ಹೀಗಿರುವಾಗ ಇಡೀ ಆರ್ಕ್ಟಿಕ್ ತುಂಡ್ರಾದ ಇಂಗಾಲವನ್ನು ಲೆಕ್ಕ ಹಾಕುವುದು ಹೇಗೆ? ಉಪಗ್ರಹದ ರೇಡಾರನ್ನು ಈ ಕೆಲಸಕ್ಕೆ ಬಳಸಬಹುದೆ ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರ ಭೌತವಿಜ್ಞಾನದ ದೃಷ್ಟಿಯಿಂದ ಬಹಳ ಸ್ವಾರಸ್ಯವಾದುದು. ಏಕೆಂದರೆ ರೇಡಾರಿಗೆ ಇಂಗಾಲ ಕಾಣಿಸುವುದೇ ಇಲ್ಲ!

ಹೆಪ್ಪುಗಟ್ಟಿದ ಉಗ್ರಾಣ

ಸತತವಾಗಿ ಕನಿಷ್ಠ ಎರಡು ವರ್ಷ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಅದರ ಮೇಲಿನ ತೆಳು ಪದರ ಪ್ರತಿ ಬೇಸಿಗೆಯಲ್ಲಿ ಕರಗಿ, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಇದು ಸಕ್ರಿಯ ಪದರ. ಇದರ ದಪ್ಪ ಕೆಲವು ಕಡೆ ಒಂದಡಿ, ಕೆಲವು ಕಡೆ ಒಂದು ಮೀಟರಿಗೂ ಹೆಚ್ಚು. ಹುಲ್ಲು, ಪಾಚಿ, ಕುರುಚಲು ಗಿಡ ಬೆಳೆಯುವುದು ಈ ಪದರದಲ್ಲಿ. ಅವು ಸತ್ತ ಮೇಲೆ ಅವುಗಳ ಅವಶೇಷವನ್ನು ಕೊಳೆಸಬೇಕಾದ ಸೂಕ್ಷ್ಮಾಣುಜೀವಿಗಳು ಚಳಿಯಿಂದಾಗಿ ಬಹಳ ನಿಧಾನವಾಗಿ ಕೆಲಸ ಮಾಡುತ್ತವೆ. ಕೆಳಗಿನ ಹೆಪ್ಪುಗಟ್ಟಿದ ನೆಲ ನೀರನ್ನು ಇಂಗಲು ಬಿಡುವುದಿಲ್ಲವಾದ್ದರಿಂದ ಮೇಲೆ ನೀರು ನಿಲ್ಲುತ್ತದೆ. ಅಲ್ಲಿ ಆಕ್ಸಿಜನ್ ಕೊರತೆ. ಹೀಗಾಗಿ ವರ್ಷ ವರ್ಷವೂ ಕೊಳೆಯುವುದಕ್ಕಿಂತ ಸೇರುವುದೇ ಹೆಚ್ಚು. ಇದು ಸಾವಿರಾರು ವರ್ಷಗಳಿಂದ ನಡೆದುಬಂದಿದೆ.

ಹೀಗೆ ಕೂಡಿಟ್ಟದ್ದು ಎಷ್ಟು? ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಗುಸ್ತಾಫ್ ಹುಗೇಲಿಯಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಉತ್ತರದ ಪರ್ಮಾಫ್ರಾಸ್ಟ್ ವಲಯದ ಮಣ್ಣಿನಲ್ಲಿ ಸುಮಾರು 1300 ಪೆಟಾಗ್ರಾಂ ಇಂಗಾಲವಿದೆ. ಒಂದು ಪೆಟಾಗ್ರಾಂ ಎಂದರೆ 100 ಕೋಟಿ ಟನ್. ಇದರಲ್ಲಿ ಸುಮಾರು 800 ಪೆಟಾಗ್ರಾಂ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವಂಥದು. ಹೋಲಿಕೆಗಾಗಿ ಹೇಳುವುದಾದರೆ, ಈಗ ವಾತಾವರಣದಲ್ಲಿ ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿರುವ ಇಂಗಾಲ ಹೆಚ್ಚುಕಡಿಮೆ 900 ಪೆಟಾಗ್ರಾಂ. ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ನಾವು ವರ್ಷಕ್ಕೆ ಹೊರಬಿಡುವುದು ಸುಮಾರು 10 ಪೆಟಾಗ್ರಾಂ. ಆರ್ಕ್ಟಿಕ್ ವಲಯ 1979ರಿಂದೀಚೆಗೆ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗುತ್ತಿದೆ. ನೆಲ ಕರಗಿದರೆ ಸೂಕ್ಷ್ಮಾಣುಜೀವಿಗಳು ಚುರುಕಾಗುತ್ತವೆ. ಒಣನೆಲದಲ್ಲಿ ಕಾರ್ಬನ್ ಡೈಆಕ್ಸೈಡೂ ನೀರು ನಿಂತ ನೆಲದಲ್ಲಿ ಮೀಥೇನೂ ಹೊರಬರುತ್ತವೆ. ಯಾವ ಜಾಗದಿಂದ ಎಷ್ಟು ಹೊರಬಂದೀತು ಎಂದು ಹೇಳಬೇಕಾದರೆ ಮೊದಲು ಯಾವ ಜಾಗದಲ್ಲಿ ಎಷ್ಟಿದೆ ಎಂಬುದು ಗೊತ್ತಿರಬೇಕು.

ಮೇಲಿನ 1300 ಎಂಬ ಸಂಖ್ಯೆಯ ಜೊತೆಗೇ ಒಂದು ಅನಿಶ್ಚಿತತೆಯೂ ಇದೆ: ಅದು 1100 ಇರಬಹುದು, 1500ರವರೆಗೂ ಇರಬಹುದು. ಕಾರಣ, ನಕ್ಷೆ ತಯಾರಿಸಿದ ಬಗೆ. ಮಣ್ಣಿನ ಸಮೀಕ್ಷೆಗಳ ನಕ್ಷೆಯಲ್ಲಿ ಒಂದೊಂದು ಬಗೆಯ ಮಣ್ಣಿಗೂ ಒಂದೊಂದು ತುಣುಕು ಗುರುತಿಸಿರುತ್ತಾರೆ. ಆ ಬಗೆಯ ಮಣ್ಣಿನಲ್ಲಿ ತೋಡಿದ ಗುಂಡಿಗಳ ಸರಾಸರಿಯನ್ನು ತುಣುಕಿನ ವಿಸ್ತೀರ್ಣದಿಂದ ಗುಣಿಸುತ್ತಾರೆ. ರಷ್ಯ, ಕೆನಡ, ಅಲಾಸ್ಕಗಳ ಸಮೀಕ್ಷೆಗಳು ಬೇರೆ ಬೇರೆ ಕಾಲದವು, ಬೇರೆ ಬೇರೆ ವರ್ಗೀಕರಣದವು. ಒಂದು ತುಣುಕಿನೊಳಗೆ ಸಾವಿರಾರು ಚದರ ಕಿಲೋಮೀಟರ್ ಇದ್ದರೂ ಅದರಲ್ಲೆಲ್ಲ ಒಂದೇ ಬೆಲೆ. ಇದಕ್ಕಿಂತ ಒಳ್ಳೆಯದು ಇರಲಿಲ್ಲವಾದ್ದರಿಂದ ಎಲ್ಲರೂ ಇದನ್ನೇ ಬಳಸಿದರು. ಅದು ತಪ್ಪೂ ಅಲ್ಲ.

ಇಲ್ಲಿಗೆ ಬಂದದ್ದು ಆಸ್ಟ್ರಿಯದ ಆನೆಟ್ ಬಾರ್ಟ್ಶ್ ಮತ್ತು ಅವರ ಸಹೋದ್ಯೋಗಿಗಳ ಕೆಲಸ. ಹುಗೇಲಿಯಸ್ ಅವರೂ ಈ ತಂಡದಲ್ಲಿದ್ದರು ಎಂಬುದನ್ನು ಗಮನಿಸಬೇಕು. ಯೂರೋಪಿನ ಎನ್ವಿಸ್ಯಾಟ್ ಉಪಗ್ರಹದ ರೇಡಾರ್ ದತ್ತಾಂಶದಿಂದ ಮರಗಳ ಎಲ್ಲೆಯಿಂದ ಉತ್ತರಕ್ಕಿರುವ ಇಡೀ ತುಂಡ್ರಾದ ಮಣ್ಣಿನ ಇಂಗಾಲವನ್ನು ನೇರವಾಗಿ ಅಂದಾಜು ಮಾಡಲು ಅವರು ಯತ್ನಿಸಿದರು. ಮಣ್ಣಿನ ವರ್ಗಗಳ ನಕ್ಷೆ ನಡುವೆ ಬರಲೇ ಇಲ್ಲ. ಫಲಿತಾಂಶ 2016ರಲ್ಲಿ ಬಯೋಜಿಯೋಸೈನ್ಸಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ನೋಡುವ ಮುನ್ನ ರೇಡಾರ್ ಅಲ್ಲಿ ಏನನ್ನು ಅಳೆಯುತ್ತದೆ ಎಂಬುದು ಸ್ಪಷ್ಟವಾಗಬೇಕು.

ಪ್ರತಿಧ್ವನಿಯ ಭೌತವಿಜ್ಞಾನ

ರೇಡಾರ್ ತನ್ನ ಬೆಳಕನ್ನು ತಾನೇ ಒಯ್ಯುವ ಕ್ಯಾಮೆರಾ. ಸೂಕ್ಷ್ಮತರಂಗಗಳ ಸ್ಪಂದನವನ್ನು ಓರೆಯಾಗಿ ನೆಲದತ್ತ ಕಳಿಸಿ, ಹಿಂದಿರುಗಿ ಬರುವ ಅಲ್ಪ ಅಂಶವನ್ನು ದಾಖಲಿಸುತ್ತದೆ. ಮೋಡ ಅದಕ್ಕೆ ಅಡ್ಡಿಯಲ್ಲ. ಆರು ತಿಂಗಳ ಕತ್ತಲೆಯೂ ಅಡ್ಡಿಯಲ್ಲ. ಧ್ರುವ ಪ್ರದೇಶಕ್ಕೆ ಇದಕ್ಕಿಂತ ಹೊಂದುವ ಉಪಕರಣ ಬೇರೊಂದಿಲ್ಲ ಎನ್ನಬಹುದು.

ಎನ್ವಿಸ್ಯಾಟ್ 2002ರ ಮಾರ್ಚ್‌ನಿಂದ 2012ರ ಏಪ್ರಿಲ್‌ವರೆಗೆ ಸುಮಾರು 800 ಕಿ.ಮೀ. ಎತ್ತರದಲ್ಲಿ ಕೆಲಸ ಮಾಡಿತು. ಅದರ ರೇಡಾರಿನ ತರಂಗಾಂತರ ಸುಮಾರು 5.6 ಸೆಂ.ಮೀ.; ಇದು ಸಿ-ಬ್ಯಾಂಡ್. ಆಂಟೆನಾದ ಉದ್ದ 10 ಮೀಟರ್. ವಿವರ್ತನೆಯ ನಿಯಮದಂತೆ ಕಿರಣದ ಹರವು ತರಂಗಾಂತರವನ್ನು ಆಂಟೆನಾದ ಉದ್ದದಿಂದ ಭಾಗಿಸಿದಷ್ಟು: 0.056 ÷ 10 = 0.0056 ರೇಡಿಯನ್. ಓರೆ ದೂರ 900 ಕಿ.ಮೀ. ಎಂದಿಟ್ಟರೆ ನೆಲದ ಮೇಲೆ ಬೀಳುವ ಕಲೆಯ ಅಗಲ 5 ಕಿ.ಮೀ. ಇಷ್ಟು ದಪ್ಪ ಕುಂಚದಿಂದ ಸೂಕ್ಷ್ಮ ಚಿತ್ರ ಬರೆಯಲಾಗದು. ಆದರೆ ಉಪಗ್ರಹ ಚಲಿಸುತ್ತಿರುತ್ತದೆ. ದಾರಿಯುದ್ದಕ್ಕೂ ಬಂದ ಪ್ರತಿಧ್ವನಿಗಳನ್ನು ಪ್ರಾವಸ್ಥೆ ಸಮೇತ ಕೂಡಿಸಿದರೆ ಕಿಲೋಮೀಟರುಗಟ್ಟಲೆ ಉದ್ದದ ಒಂದು ಕೃತಕ ಆಂಟೆನಾ ಸಿಕ್ಕಂತಾಗುತ್ತದೆ. ಅದರಿಂದ ಹತ್ತಾರು ಮೀಟರುಗಳ ಸ್ಪಷ್ಟತೆ ಸಾಧ್ಯ. ಸಂಶ್ಲೇಷಿತ ದ್ಯುತಿರಂಧ್ರ ರೇಡಾರ್ ಎಂಬ ಭಾರವಾದ ಹೆಸರಿನ ಹಿಂದಿರುವುದು ಇಷ್ಟೇ ಉಪಾಯ.

ತಮಾಷೆಯೆಂದರೆ ತುಂಡ್ರಾದ ಕೆಲಸಕ್ಕೆ ಮುಖ್ಯವಾಗಿ ಬಳಸಿದ್ದು ಎನ್ವಿಸ್ಯಾಟಿನ ಅತ್ಯಂತ ಒರಟು ಚಿತ್ರಗಳನ್ನು, 1 ಕಿ.ಮೀ. ಸ್ಪಷ್ಟತೆಯವನ್ನು. ಈ ವಿಧದಲ್ಲಿ ರೇಡಾರ್ ಕಳಿಸುವ ದತ್ತಾಂಶ ಕಡಿಮೆಯಾದ್ದರಿಂದ ಬೇರೆ ಕೆಲಸವಿಲ್ಲದಾಗಲೆಲ್ಲ ಅದನ್ನು ನಡೆಸಿ ಇಡೀ ಜಗತ್ತನ್ನು ಮತ್ತೆ ಮತ್ತೆ ನೋಡಲಾಗಿತ್ತು. ಸೂಕ್ಷ್ಮತೆಗಿಂತ ಪುನರಾವೃತ್ತಿಯೇ ಇಲ್ಲಿ ಹೆಚ್ಚು ಬೆಲೆಬಾಳಿತು.

ಹಿಂದಿರುಗುವ ಅಂಶಕ್ಕೆ ಹಿಂಚದರಿಕೆ ಎನ್ನೋಣ. ಇದನ್ನು ಡೆಸಿಬೆಲ್‌ಗಳಲ್ಲಿ ಹೇಳುವುದು ರೂಢಿ: ಋಣ 10 ಡೆಸಿಬೆಲ್ ಎಂದರೆ ಹತ್ತನೆಯ ಒಂದು ಪಾಲು, ಋಣ 20 ಎಂದರೆ ನೂರನೆಯ ಒಂದು ಪಾಲು. ಇದು ಹೆಚ್ಚೋ ಕಡಿಮೆಯೋ ಎಂಬುದನ್ನು ನಿರ್ಧರಿಸುವುದು ಎರಡು ಸಂಗತಿಗಳು.

ಮೊದಲನೆಯದು ಡೈಎಲೆಕ್ಟ್ರಿಕ್ ಸ್ಥಿರಾಂಕ. ಗಾಳಿಗೆ 1, ಒಣಮಣ್ಣಿಗೆ 3ರಿಂದ 5, ಮಂಜುಗಡ್ಡೆಗೆ 3.2. ನೀರಿಗೆ ಮಾತ್ರ 80ರ ಆಸುಪಾಸು. ಸಿ-ಬ್ಯಾಂಡ್ ಆವೃತ್ತಿಯಲ್ಲಿ, ತಣ್ಣಗಿರುವಾಗ, ತುಸು ಕಡಿಮೆ, 70 ಎಂದಿಟ್ಟುಕೊಳ್ಳಬಹುದು. ನೀರಿನ ಅಣು ಧ್ರುವೀಯವಾದ್ದರಿಂದ ತರಂಗದ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಹೊರಳುತ್ತದೆ. ಹೆಪ್ಪುಗಟ್ಟಿದೊಡನೆ ಹರಳಿನ ಜಾಲದಲ್ಲಿ ಸಿಕ್ಕಿಬಿದ್ದು ಆ ಸ್ವಾತಂತ್ರ್ಯ ಹೋಗುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಗೊತ್ತಿರುವ ಪ್ರತಿಫಲನ ಸೂತ್ರವನ್ನೇ ಇಲ್ಲಿ ಹಾಕಿ ನೋಡಿ. ಲಂಬವಾಗಿ ಬೀಳುವ ತರಂಗದಲ್ಲಿ ಪ್ರತಿಫಲಿಸುವ ಪಾಲು ಎಂದರೆ ಎರಡು ಮಾಧ್ಯಮಗಳ ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದಷ್ಟು. ವಕ್ರೀಭವನಾಂಕ ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲ. ಹಸಿಮಣ್ಣಿನ ಸ್ಥಿರಾಂಕ 25 ಆದರೆ ವಕ್ರೀಭವನಾಂಕ 5. ಪ್ರತಿಫಲಿಸುವ ಪಾಲು ಆರರಲ್ಲಿ ನಾಲ್ಕರ ವರ್ಗ, ಅಂದರೆ 0.44. ಅದೇ ಮಣ್ಣು ಹೆಪ್ಪುಗಟ್ಟಿ ಸ್ಥಿರಾಂಕ 4ಕ್ಕೆ ಇಳಿದರೆ ಮೂರರಲ್ಲಿ ಒಂದರ ವರ್ಗ, 0.11. ನಾಲ್ಕು ಪಟ್ಟು ವ್ಯತ್ಯಾಸ, ಡೆಸಿಬೆಲ್‌ಗಳಲ್ಲಿ 6. ನೆಲದ ಮೇಲಿನ ಒಂದು ಹುಲ್ಲುಕಡ್ಡಿಯೂ ಬದಲಾಗಿಲ್ಲ, ನೀರು ಮಂಜಾಯಿತು ಅಷ್ಟೇ.

ಎರಡನೆಯದು ಒರಟುತನ. ನಯವಾದ ಮೇಲ್ಮೈ ಓರೆಯಾಗಿ ಬಂದ ತರಂಗವನ್ನು ಕನ್ನಡಿಯಂತೆ ಆಚೆಗೆ ತಳ್ಳುತ್ತದೆ. ರೇಡಾರಿಗೆ ಏನೂ ಮರಳುವುದಿಲ್ಲ. ಒರಟಾದದ್ದು ಎಲ್ಲ ದಿಕ್ಕಿಗೂ ಚದರಿಸುತ್ತದೆ, ರೇಡಾರಿನ ಕಡೆಗೂ ಒಂದಿಷ್ಟು. ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಕೋಣೆ ಕತ್ತಲೆ ಮಾಡಿ, ಮೇಜಿನ ಮೇಲೆ ಒಂದು ಕನ್ನಡಿ, ಪಕ್ಕದಲ್ಲಿ ಒಂದು ಹಾಳೆ ಉಪ್ಪುಕಾಗದ ಇಟ್ಟು ಟಾರ್ಚನ್ನು ಓರೆಯಾಗಿ ಬಿಡಿ. ಟಾರ್ಚಿನ ಪಕ್ಕದಲ್ಲೇ ಕಣ್ಣಿಟ್ಟು ನೋಡಿದವರಿಗೆ ಕನ್ನಡಿ ಕಪ್ಪಾಗಿ, ಉಪ್ಪುಕಾಗದ ಬೆಳ್ಳಗೆ ಕಾಣುತ್ತದೆ. ಎಷ್ಟು ಒರಟಾದರೆ ಒರಟು? ರ‍್ಯಾಲೆಯ ಮಾನದಂಡದ ಪ್ರಕಾರ ಉಬ್ಬುತಗ್ಗುಗಳ ಎತ್ತರವು ತರಂಗಾಂತರವನ್ನು ಪತನ ಕೋನದ ಕೊಸೈನಿನ ಎಂಟರಷ್ಟರಿಂದ ಭಾಗಿಸಿದಾಗ ಬರುವ ಬೆಲೆಗಿಂತ ಕಡಿಮೆಯಿದ್ದರೆ ಮೇಲ್ಮೈ ನಯ. ಪತನ ಕೋನ 30 ಡಿಗ್ರಿಯಾದರೆ ಸಿ-ಬ್ಯಾಂಡಿಗೆ ಇದು 0.8 ಸೆಂ.ಮೀ. ಒಂದು ಬೆರಳಿನ ದಪ್ಪಕ್ಕಿಂತ ಕಡಿಮೆ. 24 ಸೆಂ.ಮೀ. ತರಂಗಾಂತರದ ಎಲ್-ಬ್ಯಾಂಡಿಗೆ 3.5 ಸೆಂ.ಮೀ. ಒಂದೇ ನೆಲ ಒಂದು ರೇಡಾರಿಗೆ ಒರಟು, ಇನ್ನೊಂದಕ್ಕೆ ನಯ ಆಗಿರುವುದು ಸಾಧ್ಯ.

ಚಳಿಗಾಲವೇ ಏಕೆ?

ಬೇಸಿಗೆಯ ತುಂಡ್ರಾವನ್ನು ರೇಡಾರಿನಲ್ಲಿ ನೋಡಿದರೆ ಮೇಲಿನ ಎರಡೂ ಸಂಗತಿಗಳು ಕಲಸಿಹೋಗಿರುತ್ತವೆ. ನಿನ್ನೆ ಮಳೆ ಬಂದಿದ್ದರೆ ಹಿಂಚದರಿಕೆ ಹೆಚ್ಚು, ವಾರ ಬಿಸಿಲು ಕಾದಿದ್ದರೆ ಕಡಿಮೆ. ಇಂಗಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ಸಕ್ರಿಯ ಪದರವೆಲ್ಲ ಹೆಪ್ಪುಗಟ್ಟಿದ ನಡುಚಳಿಗಾಲದಲ್ಲಿ ದ್ರವರೂಪದ ನೀರು ಬಹುಮಟ್ಟಿಗೆ ಇರುವುದಿಲ್ಲ. ಎಲ್ಲ ಕಡೆಯ ಡೈಎಲೆಕ್ಟ್ರಿಕ್ ಸ್ಥಿರಾಂಕವೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿದು, ಉಳಿದ ವ್ಯತ್ಯಾಸ ಒರಟುತನದ್ದೂ ಸಸ್ಯರಚನೆಯದೂ ಆಗಿರುತ್ತದೆ. ಎರಡು ಅಜ್ಞಾತಗಳ ಸಮೀಕರಣದಲ್ಲಿ ಒಂದನ್ನು ಪ್ರಕೃತಿಯೇ ಸ್ಥಿರವಾಗಿಟ್ಟುಕೊಟ್ಟಂತೆ!

ಹಾಗಾದರೆ ಮೇಲೆ ಬಿದ್ದ ಹಿಮ? ಒಣಹಿಮ ಸಿ-ಬ್ಯಾಂಡಿಗೆ ಬಹುತೇಕ ಪಾರದರ್ಶಕ. ಹಿಮದ ಕಣ ಒಂದು ಮಿಲಿಮೀಟರ್ ಆಸುಪಾಸಿನದು. ತರಂಗಾಂತರ ಅದರ ಐವತ್ತು ಪಟ್ಟಿಗೂ ಹೆಚ್ಚು. ಆಕಾಶದ ನೀಲಿಯನ್ನು ವಿವರಿಸುವ ರ‍್ಯಾಲೆ ಚದರಿಕೆಯ ನಿಯಮ ಇಲ್ಲಿಗೂ ಅನ್ವಯ: ತರಂಗಾಂತರ ದೊಡ್ಡದಾದಂತೆ ಚದರಿಕೆ ಅದರ ನಾಲ್ಕನೆಯ ಘಾತದಲ್ಲಿ ಕುಗ್ಗುತ್ತದೆ. ಆದರೆ ಹಿಮ ಒಣಗಿರಬೇಕು. ಒಂದು ದಿನ ಸೆಕೆ ಬಂದು ಹಿಮ ತೇವವಾದರೆ ತರಂಗವನ್ನು ಅದೇ ಹೀರಿಬಿಡುತ್ತದೆ. ಹಿಮದ ಮೇಲೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಒಳಗೆ ಮಂಜಿನ ಪದರಗಳು ಉಂಟಾಗಿ ಹಿಂಚದರಿಕೆ ಏರುತ್ತದೆ. ಒಂದೇ ಚಿತ್ರವನ್ನು ನಂಬದೆ ಹಲವು ದಿನಗಳ ಅಳತೆಗಳನ್ನು ಹೋಲಿಸಬೇಕಾದದ್ದು ಇದಕ್ಕೇ.

ಇನ್ನೊಂದು ಮೋಸಗಾರ ಸರೋವರ. ತುಂಡ್ರಾದಲ್ಲಿ ಸಣ್ಣ ಸರೋವರಗಳು ಸಾವಿರ ಸಾವಿರ. ಚಳಿಗಾಲದಲ್ಲಿ ಅವುಗಳ ಮೇಲೆ ಮಂಜು ಕಟ್ಟುತ್ತದೆ; ಆಳವಾದವುಗಳಲ್ಲಿ ಮಂಜಿನ ಕೆಳಗೆ ನೀರು ಉಳಿದಿರುತ್ತದೆ. ಮಂಜು ಮತ್ತು ನೀರು ಕೂಡುವಲ್ಲಿ ವಕ್ರೀಭವನಾಂಕ 1.8ರಿಂದ 8.4ಕ್ಕೆ ಜಿಗಿಯುವುದರಿಂದ ಪ್ರತಿಫಲಿಸುವ ಪಾಲು ಸುಮಾರು 0.4. ಆ ಗಡಿ ಒರಟಾಗಿದ್ದರೆ ರೇಡಾರಿನಲ್ಲಿ ಸರೋವರ ಹೊಳೆಯುತ್ತದೆ. ಆಳವಿಲ್ಲದ ಸರೋವರ ತಳದವರೆಗೂ ಹೆಪ್ಪುಗಟ್ಟಿದ್ದರೆ ಮಂಜಿನ ಕೆಳಗಿರುವುದು ಹೆಪ್ಪುಗಟ್ಟಿದ ಮಣ್ಣು, ಪಾಲು 0.003ರಷ್ಟು. ಸರೋವರ ಕಪ್ಪಾಗುತ್ತದೆ. ಪಕ್ಕಪಕ್ಕದ ಎರಡು ಕೆರೆಗಳು ಒಂದು ಬೆಳ್ಳಗೆ ಒಂದು ಕಪ್ಪಗೆ ಕಂಡರೆ ಅದು ಆಳದ ಸುದ್ದಿಯೇ ಹೊರತು ಇಂಗಾಲದ್ದಲ್ಲ. ಆದ್ದರಿಂದ ಸರೋವರಗಳನ್ನು ಮೊದಲೇ ನಕ್ಷೆಯಿಂದ ಹೊರಗಿಡಬೇಕು. ಇದೇ ವಿದ್ಯಮಾನವನ್ನು ಉತ್ತರ ಅಲಾಸ್ಕದಲ್ಲಿ ಯಾವ ಕೆರೆ ತಳದವರೆಗೆ ಹೆಪ್ಪುಗಟ್ಟುತ್ತದೆ ಎಂದು ತಿಳಿಯಲು ಉಪಯೋಗಿಸಿಕೊಂಡಿದ್ದಾರೆ. ಒಬ್ಬರ ಕಸ ಮತ್ತೊಬ್ಬರ ರಸ!

ಒರಟುತನದಿಂದ ಇಂಗಾಲಕ್ಕೆ

ಈಗ ಮುಖ್ಯ ಪ್ರಶ್ನೆ. ರೇಡಾರ್ ಅಳೆದದ್ದು ಸೆಂಟಿಮೀಟರ್ ಪ್ರಮಾಣದ ಒರಟುತನ. ಇಂಗಾಲ ಇರುವುದು ಮಣ್ಣಿನೊಳಗೆ. ಇವೆರಡಕ್ಕೂ ಏನು ನಂಟು?

ನಂಟು ಸಸ್ಯಗಳ ಮೂಲಕ. ಬಹಳ ಶೀತದ, ಒಣ ಜಾಗಗಳಲ್ಲಿ ಸಸ್ಯ ವಿರಳ. ಮೇಲ್ಮೈ ಬಹುಮಟ್ಟಿಗೆ ಬರಿಮಣ್ಣು. ಅಲ್ಲಿ ಹಿಂಚದರಿಕೆ ಕಡಿಮೆ, ಮಣ್ಣಿಗೆ ಸೇರುವ ಜೈವಿಕ ಪದಾರ್ಥವೂ ಕಡಿಮೆ. ಬೇಸಿಗೆ ತುಸು ಉದ್ದವಾಗಿ ತೇವ ಹೆಚ್ಚಿರುವಲ್ಲಿ ಜೇಕಿನ ಜಾತಿಯ ಹುಲ್ಲು ಗುಪ್ಪೆಗುಪ್ಪೆಯಾಗಿ ಬೆಳೆಯುತ್ತದೆ, ಪಾಚಿಯ ಹಾಸು ಉಬ್ಬುತಗ್ಗಾಗಿ ಹರಡುತ್ತದೆ, ಮೊಳಕಾಲೆತ್ತರದ ಕುರುಚಲು ಬರುತ್ತದೆ. ಮೇಲ್ಮೈ ಒರಟಾಗುತ್ತದೆ, ಅದೇ ಸಸ್ಯಗಳ ಅವಶೇಷದಿಂದ ಮಣ್ಣಿನ ಇಂಗಾಲವೂ ಏರುತ್ತದೆ. ಗುಂಡಿ ತೋಡಿ ಅಳೆದ ಬೆಲೆಗಳನ್ನು ಅದೇ ಜಾಗದ ಚಳಿಗಾಲದ ಹಿಂಚದರಿಕೆಯ ಎದುರಿಗಿಟ್ಟರೆ ಒಂದು ಸಂಬಂಧ ಕಾಣುತ್ತದೆ. ಆ ವಕ್ರರೇಖೆಯನ್ನು ಹಿಡಿದು, ಗುಂಡಿ ತೋಡದ ಜಾಗಗಳಿಗೂ ಬೆಲೆ ಓದುವುದೇ ವಿಧಾನ.

ಇದನ್ನು ಅನುಭವಜನ್ಯ ಸಂಬಂಧ ಎನ್ನುತ್ತೇವೆ. ಓಮ್‌ನ ನಿಯಮದಂತೆ ಇದರ ಹಿಂದೆ ಒಂದು ನೇರ ಕಾರ್ಯಕಾರಣ ಇಲ್ಲ. ಇಂಗಾಲವೂ ಒರಟುತನವೂ ಒಂದೇ ತಾಯಿಯ ಮಕ್ಕಳು. ಒಬ್ಬರನ್ನು ನೋಡಿ ಇನ್ನೊಬ್ಬರ ಎತ್ತರ ಊಹಿಸುತ್ತಿದ್ದೇವೆ. ವಿಜ್ಞಾನದಲ್ಲಿ ಇಂಥ ಪರೋಕ್ಷ ಅಳತೆ ಹೊಸದಲ್ಲ, ಕೀಳೂ ಅಲ್ಲ. ಆದರೆ ಅದು ಯಾವಾಗ ಕೈಕೊಡುತ್ತದೆ ಎಂಬುದು ಬಳಸುವವರಿಗೆ ಗೊತ್ತಿರಬೇಕು.

ಬಾರ್ಟ್ಶ್ ತಂಡ ಕಂಡ ಉತ್ತರ: ಮರಗಳ ಎಲ್ಲೆಯಿಂದ ಉತ್ತರಕ್ಕೆ, ಮಣ್ಣಿನ ಮೇಲಿನ 30 ಸೆಂ.ಮೀ.ನಲ್ಲಿ ಕನಿಷ್ಠ 29 ಪೆಟಾಗ್ರಾಂ ಇಂಗಾಲ. ಇದನ್ನು ಮೊದಲು ಹೇಳಿದ 1300ರೊಡನೆ ಹೋಲಿಸಬಾರದು. ಅದು ಕಾಡುಗಳನ್ನೂ ಒಳಗೊಂಡ ಬಹಳ ದೊಡ್ಡ ವಲಯದ್ದು, ಬಹಳ ಆಳದವರೆಗಿನದು. ಅದೇ ಪ್ರದೇಶ, ಅದೇ ಆಳಕ್ಕೆ ಮಣ್ಣಿನ ನಕ್ಷೆಗಳಿಂದ ಬಂದ ಅಂದಾಜಿಗಿಂತ ರೇಡಾರಿನ ಅಂದಾಜು ಸುಮಾರು ಶೇಕಡ 25 ಕಡಿಮೆ. ಲೆಕ್ಕ ಹಾಕಿದರೆ ವ್ಯತ್ಯಾಸ ಹತ್ತಿರ ಹತ್ತಿರ 10 ಪೆಟಾಗ್ರಾಂ. ಜಗತ್ತು ಒಂದು ವರ್ಷ ಸುಡುವ ಇಂಧನದ ಇಂಗಾಲವೆಲ್ಲ ಎರಡು ನಕ್ಷೆಗಳ ನಡುವಿನ ಸಂದಿಯಲ್ಲಿ ಹಿಡಿಸುತ್ತದೆ ಎಂದಾಯಿತು.

ಹಾಗಾದರೆ ಹಳೆಯ ನಕ್ಷೆ ಹೆಚ್ಚು ಹೇಳಿತ್ತೇ? ಅಷ್ಟು ಬೇಗ ತೀರ್ಮಾನಕ್ಕೆ ಬರುವಂತಿಲ್ಲ. ರೇಡಾರಿನ ಅಂದಾಜು ಎಲ್ಲಿ ಕಡಿಮೆ ಹೇಳುತ್ತದೆ ಎಂಬುದನ್ನು ಲೇಖಕರೇ ಬರೆದಿದ್ದಾರೆ. ಒಂದು, ಪೀಟ್ ಭೂಮಿ. ಅರೆಕೊಳೆತ ಸಸ್ಯಾವಶೇಷ ಪದರಪದರವಾಗಿ ಕೂತ ಇಂಥ ಜಾಗಗಳಲ್ಲಿ ಇಂಗಾಲ ಬಹಳ. ಆದರೆ ಮೇಲ್ಮೈ ನೋಡಿ ಅದರ ಪ್ರಮಾಣ ಹೇಳಲಾಗದು. ಎರಡು, ಹೆಪ್ಪುಗಟ್ಟುವ ಕರಗುವ ಚಕ್ರದಲ್ಲಿ ಮಣ್ಣು ತಾನೇ ಮಗುಚಿಕೊಳ್ಳುವ ಜಾಗಗಳು. ಅಲ್ಲಿ ಮೇಲಿನ ಜೈವಿಕ ಪದಾರ್ಥ ಕೆಳಗಿಳಿದು ಹೂತುಹೋಗಿರುತ್ತದೆ. ಈಗಿನ ಸಸ್ಯಕ್ಕೂ ಅಂದಿನ ಇಂಗಾಲಕ್ಕೂ ನಂಟು ಕಡಿದಿರುತ್ತದೆ. ಈ ಎರಡು ಕಡೆ ಸಂಬಂಧ ನಿಲ್ಲುವುದಿಲ್ಲ. ಮರಮುಟ್ಟಿನ ಗಿಡಗಳಿರುವಲ್ಲಿಯೂ ಅಷ್ಟೇ. ಕೊಂಬೆಗಳ ಚದರಿಕೆ ನೆಲದ್ದನ್ನು ಮುಚ್ಚಿಹಾಕುತ್ತದೆ. ಇನ್ನೊಂದನ್ನು ಭೌತವಿಜ್ಞಾನ ಬಲ್ಲ ಯಾರಾದರೂ ಊಹಿಸಬಹುದು: ಕಲ್ಲುಗುಂಡು ಹರಡಿದ ಇಳಿಜಾರೂ ಒರಟೇ, ಅಲ್ಲಿ ಇಂಗಾಲವಿಲ್ಲದಿದ್ದರೂ.

ಮಿತಿಗಳು ಇಷ್ಟಿದ್ದರೂ ಈ ನಕ್ಷೆಗೆ ಒಂದು ಗುಣವಿದೆ. ಅಲಾಸ್ಕದಿಂದ ಸೈಬೀರಿಯದವರೆಗೆ ಒಂದೇ ಉಪಕರಣ, ಒಂದೇ ಮಾನದಂಡ. ದೇಶದ ಗಡಿಯಲ್ಲಿ ಬೆಲೆ ಥಟ್ಟನೆ ಬದಲಾಗುವುದಿಲ್ಲ. ಈಶಾನ್ಯ ಸೈಬೀರಿಯದ ಸುಮಾರು 7 × 7 ಕಿ.ಮೀ. ಪ್ರದೇಶವೊಂದರಲ್ಲಿ 2 ಮೀಟರ್ ಸ್ಪಷ್ಟತೆಯ ಭೂಹೊದಿಕೆ ನಕ್ಷೆಯಿಂದ ಮಾಡಿದ ಸೂಕ್ಷ್ಮ ಲೆಕ್ಕದೊಡನೆ 1 ಕಿ.ಮೀ. ರೇಡಾರಿನ ಲೆಕ್ಕ ಹೊಂದಿಕೆಯಾಯಿತು. ನೆಲ ಕರಗಿರುವ ಅವಧಿ ಉದ್ದವಾದಂತೆ ಇಂಗಾಲ ಹೆಚ್ಚುವುದೂ ಈ ನಕ್ಷೆಯಲ್ಲಿ ಕಂಡಿತು. ಹವಾಮಾನ ಮಾದರಿ ಕಟ್ಟುವವರಿಗೆ ಇದು ಬೇಕಾದ ಸಂಗತಿ.

ನಮ್ಮ ಹೊಲಗಳ ಇಂಗಾಲವನ್ನು ಹೀಗೆಯೇ ಅಳೆಯಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ, ತೇವ ದಿನದಿನಕ್ಕೆ ಬದಲಾಗುತ್ತದೆ, ಒರಟುತನವನ್ನು ನಿರ್ಧರಿಸುವುದು ನೇಗಿಲು. ತುಂಡ್ರಾದಲ್ಲಿ ಈ ವಿಧಾನವನ್ನು ನಿಲ್ಲಿಸಿದ ಕಂಬಗಳಲ್ಲಿ ಒಂದೂ ಇಲ್ಲಿಲ್ಲ.

ನೆಲದ ಏರಿಳಿತ ಮತ್ತು ನಿಸಾರ್

ರೇಡಾರಿಗೆ ಇನ್ನೊಂದು ಸಾಮರ್ಥ್ಯವಿದೆ. ಒಂದೇ ಜಾಗವನ್ನು ಎರಡು ದಿನ ನೋಡಿ ಪ್ರತಿಧ್ವನಿಗಳ ಪ್ರಾವಸ್ಥೆಯನ್ನು ಹೋಲಿಸಿದರೆ ನೆಲ ಎಷ್ಟು ಇಳಿಯಿತು ಎಂಬುದನ್ನು ಸೆಂಟಿಮೀಟರಿನ ಮಟ್ಟಕ್ಕೆ ಹೇಳಬಹುದು. ವ್ಯತಿಕರಣದ ಒಂದು ಪಟ್ಟಿ ಎಂದರೆ ಅರ್ಧ ತರಂಗಾಂತರದ ಚಲನೆ: ಸಿ-ಬ್ಯಾಂಡಿನಲ್ಲಿ 2.8 ಸೆಂ.ಮೀ., ಎಲ್-ಬ್ಯಾಂಡಿನಲ್ಲಿ 12 ಸೆಂ.ಮೀ. ಮಂಜು ಕರಗಿ ನೀರಾದಾಗ ಗಾತ್ರ ಕುಗ್ಗುವುದರಿಂದ ಪ್ರತಿ ಬೇಸಿಗೆಯಲ್ಲಿ ತುಂಡ್ರಾದ ನೆಲ ಕುಸಿಯುತ್ತದೆ. ಲಿನ್ ಲಿಯು, ಟಿಂಗ್‌ಜುನ್ ಝಾಂಗ್ ಮತ್ತು ಜಾನ್ ವಾರ್ 2010ರಲ್ಲಿ ಉತ್ತರ ಅಲಾಸ್ಕದಲ್ಲಿ ಇದು 1ರಿಂದ 4 ಸೆಂ.ಮೀ. ಎಂದು ತೋರಿಸಿದರು.

ಇದರಿಂದ ಕರಗಿದ ಆಳವನ್ನು ಲೆಕ್ಕಹಾಕಬಹುದು. ನೀರು ಹೆಪ್ಪುಗಟ್ಟಿದಾಗ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ. ನೆಲ 3 ಸೆಂ.ಮೀ. ಕುಸಿದಿದ್ದರೆ ಕರಗಿದ ನೀರಿನ ಒಟ್ಟು ಎತ್ತರ 3 ÷ 0.09, ಅಂದರೆ 33 ಸೆಂ.ಮೀ. ಈ ನೀರು ಮಣ್ಣಿನ ರಂಧ್ರಗಳಲ್ಲಿ ತುಂಬಿಕೊಂಡಿದೆ. ಗಾತ್ರದ ಶೇಕಡ 90 ರಂಧ್ರಗಳೇ ಆಗಿರುವ ಪಾಚಿ-ಪೀಟ್ ಮಣ್ಣಾದರೆ ಕರಗಿದ ಆಳ 37 ಸೆಂ.ಮೀ. ಶೇಕಡ 45 ರಂಧ್ರಗಳಿರುವ ಖನಿಜ ಮಣ್ಣಾದರೆ 73 ಸೆಂ.ಮೀ. ಒಂದೇ ಕುಸಿತಕ್ಕೆ ಎರಡು ಉತ್ತರ! ಯಾವುದು ಸರಿ ಎಂದು ಹೇಳಬೇಕಾದರೆ ಮಣ್ಣಿನಲ್ಲಿ ಜೈವಿಕ ಅಂಶ ಎಷ್ಟಿದೆ ಎಂಬುದು ಗೊತ್ತಿರಬೇಕು. ಇಂಗಾಲದ ನಕ್ಷೆ ಬರೀ ದಾಸ್ತಾನು ಪಟ್ಟಿಯಲ್ಲ, ಕರಗುವಿಕೆಯನ್ನು ಓದಲು ಬೇಕಾದ ಕೀಲಿಯೂ ಹೌದು.

ಈ ಕೆಲಸಕ್ಕೆ ಈಗ ಹೊಸ ಉಪಗ್ರಹಗಳಿವೆ. ಎನ್ವಿಸ್ಯಾಟಿನ ಉತ್ತರಾಧಿಕಾರಿಗಳಾದ ಸೆಂಟಿನೆಲ್-1 ಸರಣಿಯವು 2014ರಿಂದ ಸಿ-ಬ್ಯಾಂಡಿನಲ್ಲೇ, ಹೆಚ್ಚಿನ ಸ್ಪಷ್ಟತೆಯಿಂದ ನೋಡುತ್ತಿವೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಏರಿದ ನಿಸಾರ್‌ನಲ್ಲಿ ನಾಸಾದ ಎಲ್-ಬ್ಯಾಂಡ್ ಮತ್ತು ಇಸ್ರೋದ ಎಸ್-ಬ್ಯಾಂಡ್ ಎರಡೂ ಇವೆ. ಎರಡು ರೇಡಾರುಗಳನ್ನು ಉಪಗ್ರಹದ ಒಡಲಿಗೆ ಜೋಡಿಸಿದ್ದು ಬೆಂಗಳೂರಿನಲ್ಲಿ. 12 ಮೀಟರ್ ವ್ಯಾಸದ ಅದರ ಪ್ರತಿಫಲಕ ಪ್ರತಿ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಉದ್ದ ತರಂಗಾಂತರ ಕುರುಚಲನ್ನು ಹಾದು ಒಳಗಿಳಿಯುವುದರಿಂದ ಸಿ-ಬ್ಯಾಂಡ್ ಸೋತ ಕೆಲವು ಕಡೆ ಇದು ಗೆಲ್ಲಬಹುದು. ಆದರೆ ಮೇಲೆ ನೋಡಿದಂತೆ, ಅದರ ಕಣ್ಣಿಗೆ 3 ಸೆಂ.ಮೀ. ಉಬ್ಬುತಗ್ಗು ನಯ. ಸಿ-ಬ್ಯಾಂಡಿಗೆ ಹೊಂದಿದ ವಕ್ರರೇಖೆಯನ್ನು ಇದಕ್ಕೆ ಹಾಗೆಯೇ ತೊಡಿಸಲಾಗದು. ಮತ್ತೆ ಗುಂಡಿಗಳ ಬೆಲೆಗಳೊಡನೆ ಹೋಲಿಸಿ ಹೊಸದಾಗಿ ಕಟ್ಟಬೇಕು.

ಈಗಿನ ತೊಡಕು ಇರುವುದು ಅಲ್ಲೇ. ಆರ್ಕ್ಟಿಕ್ ಭೂಭಾಗದ ಹೆಚ್ಚುಕಡಿಮೆ ಅರ್ಧ ರಷ್ಯಕ್ಕೆ ಸೇರಿದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಸೈಬೀರಿಯದ ಸಂಶೋಧನಾ ಕೇಂದ್ರಗಳೊಡನೆ ಯೂರೋಪು, ಅಮೆರಿಕಗಳ ವಿಜ್ಞಾನಿಗಳ ಜಂಟಿ ಕೆಲಸ ಬಹುಪಾಲು ನಿಂತುಹೋಯಿತು. ಉಪಗ್ರಹಗಳು ಗಡಿಯನ್ನು ಲೆಕ್ಕಿಸದೆ ಸೈಬೀರಿಯದ ಮೇಲೆ ಹಾದುಹೋಗುತ್ತಲೇ ಇವೆ. ಡೆಸಿಬೆಲ್‌ಗಳು ಬರುತ್ತಲೇ ಇವೆ. ಆ ಡೆಸಿಬೆಲ್‌ಗಳನ್ನು ಕಿಲೋಗ್ರಾಂಗಳಿಗೆ ಬದಲಿಸಲು ಬೇಕಾದ ಗುಂಡಿಗಳನ್ನು ಹೊಸದಾಗಿ ತೋಡುವವರು ಕಡಿಮೆಯಾಗಿದ್ದಾರೆ. ಅಲಾಸ್ಕ, ಕೆನಡ, ಸ್ಕ್ಯಾಂಡಿನೇವಿಯದ ಗುಂಡಿಗಳಿಂದ ಕಟ್ಟಿದ ಸಂಬಂಧ ಯಾಕೂತಿಯದ ಮಂಜು ತುಂಬಿದ ಹಳೆಯ ಮಣ್ಣಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಅಲ್ಲಿ ಗುದ್ದಲಿ ಹಾಕದೆ ಪರೀಕ್ಷಿಸುವ ದಾರಿಯಿಲ್ಲ. ಸದ್ಯಕ್ಕೆ 2022ಕ್ಕೆ ಮುಂಚೆ ತೋಡಿಟ್ಟ ಗುಂಡಿಗಳ ದಾಖಲೆಗಳೇ ಆಧಾರ.